ಬೇಲೂರು ಸೀಮೆಯ ಕಥನ ಸಾಹಿತ್ಯ (1900–1940)

ಹಿಂದಿನ ಮೈಸೂರು ಸಂಸ್ಥಾನದ ಹಾಸನ ಜಿಲ್ಲೆಯಲ್ಲಿ ಬೇಲೂರು, ಹಳೇಬೀಡು, ಅರಸೀಕೆರೆ ಮತ್ತು ಹೇಮಾವತಿ ತೀರದ ಊರುಗಳು ಸೇರಿದ ಸೀಮೆಯೊಂದುಂಟು. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಇಲ್ಲಿ ಕಥೆ ಹೇಗೆ ಹೇಳುತ್ತಿದ್ದರು, ಹೇಗೆ ಅಚ್ಚಿಗೆ ಬಂತು, ಯಾರು ಬರೆದರು ಎಂಬುದು ಈ ಲೇಖನದ ವಿಷಯ. ಜಿಲ್ಲೆಯ ಪಶ್ಚಿಮಕ್ಕೆ ಕಾಫಿ, ಏಲಕ್ಕಿ ಬೆಳೆಯುವ ಮಲೆನಾಡು. ಪೂರ್ವಕ್ಕೆ ಅರಸೀಕೆರೆ ಕಡೆ ರಾಗಿ, ತೆಂಗಿನ ಬಯಲುಸೀಮೆ. ನಡುವೆ ಯಗಚಿ ಹೊಳೆಯ ದಡದಲ್ಲಿ ಬೇಲೂರು. ಈ ಯಗಚಿ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕಾವೇರಿಯನ್ನು. ಹೊಸಗನ್ನಡ ಸಾಹಿತ್ಯದ ಚರಿತ್ರೆಯನ್ನು ಸಾಮಾನ್ಯವಾಗಿ ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಿಂದ ಆರಂಭಿಸುವುದು ರೂಢಿ. ಪತ್ರಿಕೆ, ಕಾಲೇಜು, ಅಚ್ಚುಕೂಟಗಳು ಅಲ್ಲಿದ್ದವು, ಆದ್ದರಿಂದ ಅದು ಸಹಜವೇ. ಆದರೆ ಆ ಪತ್ರಿಕೆಗಳಲ್ಲಿ ಬಂದ ಕಥೆಯ ದನಿ ಎಲ್ಲಿಂದ ಬಂತು ಎಂದು ಕೇಳಿದರೆ ಇಂಥ ಸೀಮೆಗಳಿಗೇ ಬರಬೇಕಾಗುತ್ತದೆ.

  

'ಅಂತೆ' ಎಂಬ ಮಾತು

ಕನ್ನಡದ ಬಾಯಿಕಥೆ 'ಅಂತೆ'ಯಲ್ಲಿ ಸಾಗುತ್ತದೆ. ಒಂದೂರಿನಲ್ಲಿ ಒಬ್ಬ ರಾಜ ಇದ್ದನಂತೆ, ಅವನಿಗೆ ಏಳು ಜನ ಹೆಂಡತಿಯರಂತೆ, ಏಳು ಜನಕ್ಕೂ ಮಕ್ಕಳಿರಲಿಲ್ಲವಂತೆ. ಹೇಳುವವಳು ಇದನ್ನು ಕಂಡವಳಲ್ಲ, ಅವಳ ಅಜ್ಜಿಯಿಂದ ಕೇಳಿದವಳು. 'ಅಂತೆ' ಆ ಕೇಳಿದ ಸರಪಳಿಯನ್ನು ಪ್ರತಿ ವಾಕ್ಯದ ತುದಿಯಲ್ಲಿಯೂ ನೆನಪಿಸುತ್ತದೆ, ಜೊತೆಗೆ ಹೇಳುವವಳ ಮೇಲಿಂದ ಸಾಕ್ಷಿಯ ಭಾರವನ್ನು ಇಳಿಸುತ್ತದೆ. ಕೇಳುವವರು ನಡುನಡುವೆ ಹೂಂಗುಟ್ಟಬೇಕು. ಹೂಂ ಅನ್ನುವುದು ನಿಂತರೆ ಮಗು ನಿದ್ದೆಹೋಗಿದೆ ಎಂದು ತಿಳಿದು ಕಥೆಯೂ ನಿಲ್ಲುತ್ತದೆ. ಮುಂದೆ ಈ ಲೇಖನದಲ್ಲಿ ಬರುವ ಬರಹಗಾರರೆಲ್ಲ ಈ 'ಅಂತೆ'ಯ ಜೊತೆ ಏನು ಮಾಡಿದರು ಎಂಬುದೇ ಈ ಕಾಲದ ಸಾಹಿತ್ಯವನ್ನು ಓದಲು ಸಿಗುವ ಒಳ್ಳೆಯ ಹಿಡಿ.

ಓದು ಬರಹ ಬಲ್ಲವರು ಆಗ ಹಳ್ಳಿಯಲ್ಲಿ ಬೆರಳೆಣಿಕೆಯಷ್ಟು. ಶಾನುಭೋಗ, ಐನೋರ ಮಠದವರು, ಕೂಲಿಮಠದ ಮೇಷ್ಟ್ರು, ಒಂದಿಬ್ಬರು ಸೆಟ್ಟರು. ಆದರೂ ಊರಿಗೆ ಕಾವ್ಯ ಗೊತ್ತಿತ್ತು. ಮಳೆಗಾಲ ಕೈಕೊಟ್ಟ ವರ್ಷ ಕುಮಾರವ್ಯಾಸನ ವಿರಾಟಪರ್ವವನ್ನು ಓದಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿತ್ತು. ದೇವಸ್ಥಾನದ ಹಜಾರದಲ್ಲೋ ಪಟೇಲರ ಜಗಲಿಯಲ್ಲೋ ಹರಳೆಣ್ಣೆ ದೀಪದ ಬೆಳಕಿನಲ್ಲಿ ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಇದೇ ಗಮಕ. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ದೇವನೂರು ಇರುವುದು ಅರಸೀಕೆರೆಗೆ ನೆರೆಯ ಕಡೂರು ತಾಲ್ಲೂಕಿನಲ್ಲಿ. ಹಾಗಾಗಿ ಚಂದ್ರಹಾಸ, ಸೀತಾ ಪರಿತ್ಯಾಗದ ಕಥೆಗಳು ಈ ಕಡೆಯವರಿಗೆ ನಮ್ಮ ಪಕ್ಕದೂರಿನ ಕವಿ ಬರೆದ ಕಥೆಗಳು.

ಅಕ್ಷರದ ಹಂಗಿಲ್ಲದ ಕಥನವೂ ಅಷ್ಟೇ ತುಂಬಿಕೊಂಡಿತ್ತು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬರುವ ಹೆಳವರು ಮನೆಯ ಮುಂದೆ ನಿಂತು ಆ ಮನೆತನದ ವಂಶಾವಳಿ ಒಪ್ಪಿಸುತ್ತಿದ್ದರು. ಕಿನ್ನರಿ ಜೋಗಿಗಳು ಭಾರತದ ಕಥೆಯನ್ನು ತಮ್ಮದೇ ಪಾಠದಲ್ಲಿ ಹಾಡುತ್ತಿದ್ದರು. ತೊಗಲುಗೊಂಬೆಯವರು ರಾತ್ರಿಯಿಡೀ ರಾಮಾಯಣ ಆಡಿಸುತ್ತಿದ್ದರು. ಬಯಲಾಟದ ಮೂಡಲಪಾಯದ ತಂಡಗಳು ಹಾಸನ, ತುಮಕೂರು, ಮಂಡ್ಯ ಕಡೆಯ ಹಳ್ಳಿಗಳಲ್ಲಿ ಕರಿಭಂಟನ ಕಥೆ ಕಟ್ಟಿ ಬೆಳಗಿನವರೆಗೆ ಕುಣಿಯುತ್ತಿದ್ದವು. ಹೆಂಗಸರ ಪಾಲಿಗೆ ಬೀಸುವ ಕಲ್ಲೇ ರಂಗಸ್ಥಳ. ಕೋಳಿ ಕೂಗುವ ಮುಂಚೆ ಎದ್ದು ರಾಗಿ ಬೀಸುವಾಗ ತ್ರಿಪದಿ ಹುಟ್ಟುತ್ತಿತ್ತು. ತವರು, ಅಣ್ಣ, ಸವತಿ, ಬಂಜೆತನ, ಹಡೆದವ್ವ ಎಲ್ಲವೂ ಆ ಮೂರು ಸಾಲಿನಲ್ಲಿ ಬಂದುಹೋಗುತ್ತಿದ್ದವು. ಇವುಗಳಲ್ಲಿ ಬಹುಪಾಲು ಯಾರೂ ಬರೆದುಕೊಳ್ಳದೆ ಕಳೆದುಹೋದವು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಕಲ್ಲು ಹೇಳಿದ್ದು, ಜನ ಹೇಳಿದ್ದು

ಈ ಸೀಮೆಗೆ ಒಂದು ವಿಶೇಷವಿದೆ. ಇಲ್ಲಿ ಕಥೆ ಗೋಡೆಯ ಮೇಲೆಯೇ ಇದೆ. 1117ರಲ್ಲಿ ಹೊಯ್ಸಳ ರಾಜ ವಿಷ್ಣುವರ್ಧನ ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ವಿಜಯನಾರಾಯಣ, ಈಗಿನ ಚೆನ್ನಕೇಶವ, ಗುಡಿಯ ಸುತ್ತಲೂ ಮತ್ತು ಹಳೇಬೀಡಿನ ಹೊಯ್ಸಳೇಶ್ವರನ ಹೊರಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ, ಭಾರತ, ಭಾಗವತಗಳು ಸಾಲಾಗಿ ನಡೆಯುತ್ತವೆ. ಪ್ರದಕ್ಷಿಣೆ ಹಾಕುವುದೆಂದರೆ ಕಥೆ ಓದುವುದೇ. ಓದು ಬಾರದ ರೈತನೂ ಇದು ಅಭಿಮನ್ಯು, ಇದು ಲಂಕೆಗೆ ಸೇತುವೆ ಎಂದು ಮಗನಿಗೆ ತೋರಿಸಬಲ್ಲ.

ಗೋಡೆಯ ಮೇಲಿನ ಕಥೆಗಿಂತ ಗೋಡೆ ಕಟ್ಟಿದವನ ಕಥೆ ಜನಕ್ಕೆ ಹೆಚ್ಚು ಪ್ರಿಯವಾಯಿತು. ಜಕಣಾಚಾರಿ ಎಂಬ ಶಿಲ್ಪಿ ಬಸುರಿ ಹೆಂಡತಿಯನ್ನು ಕ್ರೀಡಾಪುರದಲ್ಲಿ ಬಿಟ್ಟು ಹೊರಟನಂತೆ. ಬೇಲೂರಿನ ಗುಡಿಯ ಕೆಲಸದಲ್ಲಿ ಮೈಮರೆತು ಮನೆಯನ್ನೇ ಮರೆತನಂತೆ. ಹುಟ್ಟಿದ ಮಗ ಡಂಕಣ ಬೆಳೆದು ತಂದೆಯನ್ನು ಹುಡುಕುತ್ತ ಬಂದು, ಅವನು ತಂದೆ ಎಂದು ತಿಳಿಯದೆಯೇ, ಕೆತ್ತಿ ನಿಲ್ಲಿಸಿದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಅಂದನಂತೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಜಕಣ ಪಣ ತೊಟ್ಟ. ಮೂರ್ತಿಗೆಲ್ಲ ಗಂಧ ಬಳಿದರು. ಮೈಯೆಲ್ಲ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಹಸಿ. ಅಲ್ಲಿ ಉಳಿಯಿಟ್ಟು ಹೊಡೆದರೆ ನೀರಿನ ಜೊತೆ ಒಂದು ಕಪ್ಪೆ ಹೊರಗೆ ನೆಗೆಯಿತಂತೆ. ಜಕಣ ಕೈ ಕಡಿದುಕೊಂಡ. ಮುಂದೆ ಕ್ರೀಡಾಪುರದಲ್ಲಿ ಕೇಶವನ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬಂತು, ಅದಕ್ಕೇ ಆ ಊರು ಕೈದಾಳವಾಯಿತು. ತುಮಕೂರಿನ ಹತ್ತಿರ ಕೈದಾಳ ಈಗಲೂ ಇದೆ. ಬೇಲೂರಿನ ಅಂಗಳದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯೂ ಇದೆ.

ಈ ಕಥೆಗೆ ಎದುರಾಗಿ ನಿಂತದ್ದು ಶಾಸನಶಾಸ್ತ್ರ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟ 1902ರಲ್ಲಿ ಹೊರಬಂತು. ಹಾಸನ ಜಿಲ್ಲೆಯ ಶಾಸನಗಳು ಮೊದಲ ಸಲ ಒಟ್ಟಾಗಿ ಅಚ್ಚಾದದ್ದು ಆಗ. ಆಮೇಲೆ ಸಂಸ್ಥಾನದ ಪ್ರಾಕ್ತನ ವಿಮರ್ಶೆ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು (1860–1936) ಬೇಲೂರಿನ ಕೇಶವ ದೇವಾಲಯದ ಮೇಲೆ 1919ರಲ್ಲಿ ಒಂದು ಸ್ವತಂತ್ರ ಪುಸ್ತಕವನ್ನೇ ಬರೆದರು. ಅಲ್ಲಿಯ ಮದನಿಕೆ ಎಂಬ ಹೆಣ್ಣು ಶಿಲ್ಪಗಳ ಪೀಠದ ಕೆಳಗೆ ಶಿಲ್ಪಿಗಳೇ ಕೊರೆದ ಹೆಸರುಗಳಿವೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಹಲವರು. ತಂದೆ, ಮಗ ಇಬ್ಬರೂ ಶಿಲ್ಪಿಗಳು, ಇಬ್ಬರೂ ಒಂದೇ ಗುಡಿಯಲ್ಲಿ ಕೆಲಸ ಮಾಡಿದವರು. ಜಕಣಾಚಾರಿಯ ಹೆಸರು ಮಾತ್ರ ಅಲ್ಲಿಲ್ಲ. ಕೈದಾಳದ ಗುಡಿಯನ್ನು 1150ರಲ್ಲಿ ಬಾಚಿ ಎಂಬ ಸಾಮಂತ ಕಟ್ಟಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ.

ಹೀಗೆ ಒಂದೇ ಕಾಲದಲ್ಲಿ ಒಂದೇ ಗುಡಿಗೆ ಎರಡು ಕಥೆಗಳಾದವು. ಶಾಸನದ ಮಾತು ನೇರ: ಇಂಥವನು ಮಾಡಿದ, ಅಷ್ಟೇ. ಜನರ ಮಾತು 'ಅಂತೆ'ಯದು. ಶಾಸನ ಸಿಕ್ಕಿದ ಮೇಲೆ ಜನರ ಕಥೆ ಸುಳ್ಳಾಯಿತು ಎಂದು ತೀರ್ಮಾನಿಸುವುದು ಸುಲಭ. ಆದರೆ ಜನರ ಕಥೆ ಹೇಳುವುದು ದಾಸೋಜನ ವಿಷಯವನ್ನಲ್ಲ. ಕೆಲಸದ ಹುಚ್ಚಿನಲ್ಲಿ ಮನೆ ಬಿಟ್ಟವನ ಸಂಕಟವನ್ನು, ಮಗನ ಕಣ್ಣು ತಂದೆಯ ಕಣ್ಣಿಗಿಂತ ಚುರುಕಾಗುವ ಆ ಕ್ಷಣವನ್ನು ಅದು ಹೇಳುತ್ತದೆ. ಅದಕ್ಕೇ ನಾಟಕ, ಪಠ್ಯ, ಕೊನೆಗೆ 1964ರ 'ಅಮರಶಿಲ್ಪಿ ಜಕಣಾಚಾರಿ' ಚಿತ್ರದವರೆಗೆ ಅದು ನಡೆಯಿತು.

ಬೇಲೂರಿನ ಇನ್ನೊಂದು ಐತಿಹ್ಯವನ್ನು ಮೈಸೂರು ಗೆಜೆಟಿಯರು ದಾಖಲಿಸಿದೆ. ಚೆನ್ನಿಗರಾಯನ ಮೂರ್ತಿಯನ್ನು ಬಾಬಾಬುಡನ್ ಗಿರಿಯಿಂದ ತಂದರಂತೆ, ಅಮ್ಮನವರು ಮಾತ್ರ ಅಲ್ಲೇ ಉಳಿದರಂತೆ. ಆದ್ದರಿಂದ ದೇವರು ಆಗಾಗ್ಗೆ ಬೆಟ್ಟಕ್ಕೆ ನಡೆದುಹೋಗಿ ಅವಳನ್ನು ಕಂಡುಬರುತ್ತಾನೆ. ನಡೆದು ನಡೆದು ದೇವರ ಮೆಟ್ಟು ಸವೆಯುತ್ತವೆ. ಆಗ ದೂರದ ಚನ್ನಗಿರಿ ಮತ್ತು ಬಸವಾಪಟ್ಟಣದ ಚಮ್ಮಾರರಿಗೆ ಕನಸು ಬೀಳುತ್ತದೆ. ಅವರು ಎಚ್ಚೆತ್ತು ದೊಡ್ಡ ಅಳತೆಯ ಹೊಸ ಮೆಟ್ಟು ಹೊಲಿದು ತರುತ್ತಾರೆ. ಅದಕ್ಕೆ ಪ್ರತಿಯಾಗಿ ಗುಡಿಯ ಅಂಗಳದೊಳಗೆ ಬರುವ ಹಕ್ಕು ಅವರದಾಗಿತ್ತು. ಕಥೆ ಚೆಲುವಾಗಿದೆ. ದೇವರಿಗೂ ಮನೆಯ ನೆನಪು, ದೇವರಿಗೂ ಕಾಲುನಡಿಗೆ. ಆದರೆ ದೇವರ ಕಾಲಿನ ಅಳತೆ ಕನಸಿನಲ್ಲಿ ಬಲ್ಲವರಿಗೆ ಸಿಕ್ಕ ಬಹುಮಾನ ಅಂಗಳದ ತನಕ ಮಾತ್ರ ಎಂಬುದನ್ನೂ ಇದೇ ಕಥೆ ಬಚ್ಚಿಡದೆ ಹೇಳುತ್ತದೆ. ಆ ಕಾಲದ ಸಮಾಜವನ್ನು ಅರಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ರೈಲು, ಪರಿಷತ್ತು, ಪತ್ರಿಕೆ

ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಬೀರೂರು ಹಾದು ಹರಿಹರಕ್ಕೆ ಹೋಗುವ ರೈಲುದಾರಿ 1889ರ ಹೊತ್ತಿಗೆ ಮುಗಿಯಿತು. 1910ರ ದಶಕದ ಕೊನೆಗೆ ಮೈಸೂರು ಕಡೆಯಿಂದ ಹಾಸನದ ಮೂಲಕ ಬಂದ ದಾರಿಯೂ ಅರಸೀಕೆರೆಯಲ್ಲಿ ಕೂಡಿಕೊಂಡು ಅದು ಜಂಕ್ಷನ್ನಾಯಿತು. ಧಾರವಾಡದ ಪುಸ್ತಕ ಮೈಸೂರಿಗೆ, ಮೈಸೂರಿನ ಪತ್ರಿಕೆ ಧಾರವಾಡಕ್ಕೆ ಹೋಗುವುದು ಇದೇ ದಾರಿಯಲ್ಲಿ. ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳು ಪರದೆ, ಪೆಟ್ಟಿಗೆ, ಹಾರ್ಮೋನಿಯಂ ಸಮೇತ ರೈಲುದಾರಿಯ ಊರುಗಳಲ್ಲಿ ಬಿಡಾರ ಹೂಡಲು ಶುರುವಾದ ಮೇಲೆ ಬಯಲಾಟಕ್ಕೆ ಮೊದಲ ಸಲ ಎದುರಾಳಿ ಬಂದಂತಾಯಿತು.

1915ರ ಮೇ 5ರಂದು ಬೆಂಗಳೂರಿನಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. ಪರಿಷತ್ತಿನ ಐದನೆಯ ಸಮ್ಮೇಳನ 1919ರಲ್ಲಿ ಹಾಸನದಲ್ಲಿ ಕರ್ಪೂರ ಶ್ರೀನಿವಾಸರಾಯರ ಅಧ್ಯಕ್ಷತೆಯಲ್ಲಿ ನಡೆಯಿತು. ಎರಡು ವರ್ಷದ ನಂತರ ಅದು ನೆರೆಯ ಚಿಕ್ಕಮಗಳೂರಿಗೂ ಬಂತು. ಈ 1919 ಅಪರೂಪದ ವರ್ಷ. ನರಸಿಂಹಾಚಾರ್ಯರ ಬೇಲೂರಿನ ಪುಸ್ತಕ, ಅವರದೇ 'ಕರ್ಣಾಟಕ ಕವಿಚರಿತೆ'ಯ ಎರಡನೆಯ ಸಂಪುಟ, ಎ.ಆರ್. ಕೃಷ್ಣಶಾಸ್ತ್ರಿಗಳ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಮೂರೂ ಆ ವರ್ಷದವು. ಕವಿಚರಿತೆಯಿಂದ ಹೊಯ್ಸಳರ ದೋರಸಮುದ್ರ, ಅಂದರೆ ಹಳೇಬೀಡು, ಮತ್ತೊಮ್ಮೆ ಕವಿಗಳ ಊರಾಗಿ ಕಂಡಿತು. 'ಯಶೋಧರ ಚರಿತೆ'ಯ ಜನ್ನ ಇಮ್ಮಡಿ ಬಲ್ಲಾಳನ ಆಸ್ಥಾನದವನು. ರಗಳೆಯ ಹರಿಹರ ಹಳೇಬೀಡಿನಲ್ಲಿ ಕರಣಿಕನಾಗಿದ್ದು, ಲೆಕ್ಕದ ಕಡತ ಬಿಟ್ಟು ಹಂಪೆಗೆ ಹೋದನೆಂಬುದು ಪರಂಪರೆಯ ಮಾತು. ಇನ್ನೊಬ್ಬ ಕವಿ ಪದ್ಮರಸ ಬೇಲೂರಿನ ಕೆರೆ ಕಟ್ಟಿಸಿ 'ಕೆರೆಯ ಪದ್ಮರಸ'ನೆಂದೇ ಹೆಸರಾದ.

ಸಣ್ಣಕಥೆ

ಕನ್ನಡದ ಸಣ್ಣಕಥೆ ಇಲ್ಲಿ ಹುಟ್ಟಿದ್ದಲ್ಲ. ಪಂಜೆ ಮಂಗೇಶರಾಯರು 1900ರ ಸುಮಾರಿಗೆ ಮಂಗಳೂರಿನ 'ಸುವಾಸಿನಿ'ಯಲ್ಲಿ ಮೊದಲ ಕಥೆಗಳನ್ನು ಬರೆದರು. ಹತ್ತು ವರ್ಷದ ಮೇಲೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 'ರಂಗನ ಮದುವೆ' ಬರೆದರು. 1920ರಲ್ಲಿ ಅವರ 'ಕೆಲವು ಸಣ್ಣ ಕತೆಗಳು' ಸಂಗ್ರಹ ಬಂತು. ಆದರೆ ಮಾಸ್ತಿ ಮಾಡಿದ ಕೆಲಸ ಹಳೆಯ ಮೈಸೂರಿನ ಎಲ್ಲ ಸೀಮೆಗಳಿಗೂ ದಾರಿ ತೋರಿತು. 'ರಂಗನ ಮದುವೆ'ಯಲ್ಲಿ ಕಥೆ ಹೇಳುವವನು ಶ್ಯಾಮ ಎಂಬ ಹಳ್ಳಿಯವನು. ಅವನು ಕಥೆಗೆ ಬರುವ ಮುಂಚೆ ಊರಿನ ಮಾವು, ಕೆರೆ ಎಲ್ಲವನ್ನೂ ಆತುರವಿಲ್ಲದೆ ತೋರಿಸುತ್ತಾನೆ. ಬೆಂಗಳೂರಿನಲ್ಲಿ ಓದಿ ಬಂದ ಹುಡುಗನನ್ನು ನೋಡಲು ಊರೇ ಸೇರಿದಾಗ ಒಬ್ಬ ಮುದುಕಿ ಅವನ ಎದೆಯ ಮೇಲೆ ಕೈಯಾಡಿಸಿ ಜನಿವಾರ ಇದೆಯೇ ಎಂದು ಮುಟ್ಟಿ ನೋಡಿ ಸಮಾಧಾನಪಡುತ್ತಾಳೆ. ಇಂಗ್ಲಿಷ್ ವಿದ್ಯೆಯ ಬಗ್ಗೆ ಆ ತಲೆಮಾರಿಗಿದ್ದ ಹೆದರಿಕೆಯೆಲ್ಲ ಆ ಒಂದು ಕೈಯಲ್ಲಿದೆ. ಇಲ್ಲಿ 'ಅಂತೆ' ಹೋಯಿತು, 'ನಾನು ಕಂಡೆ' ಬಂತು. ಆದರೆ ಎದುರಿಗೆ ಕೂತು ಹೂಂಗುಟ್ಟುವವರು ಹೋಗಲಿಲ್ಲ. ಶ್ಯಾಮ ಅವರ ಜೊತೆಗೇ ಮಾತಾಡುತ್ತಿರುತ್ತಾನೆ.

ಬೇಲೂರಿಗೆ ಹತ್ತಿರದ ಚಿಕ್ಕಮಗಳೂರು ತಾಲ್ಲೂಕಿನ ಅಂಬಳೆಯವರಾದ ಕೃಷ್ಣಶಾಸ್ತ್ರಿಗಳು (1890–1968) 'ಶ್ರೀಪತಿ' ಎಂಬ ಹೆಸರಿನಲ್ಲಿ ಕಥೆ ಬರೆದರು. ಮುಂದೆ 'ವಚನ ಭಾರತ', 'ಕಥಾಮೃತ'ಗಳಲ್ಲಿ ಹಳೆಯ ಕಥಾಸಾಗರವನ್ನು ಮಕ್ಕಳಿಗೂ ಹಿಡಿಸುವ ಗದ್ಯಕ್ಕೆ ತಂದವರು ಇವರೇ. ಅರಸೀಕೆರೆ, ಬೀರೂರು ದಾಟಿದ ಮೇಲೆ ರೈಲು ನಿಲ್ಲುವ ಅಜ್ಜಂಪುರದ ಸೀತಾರಾಂ, ಅಂದರೆ 'ಆನಂದ' (1902–1963), ಮಾಸ್ತಿಯ ನಂತರದ ದೊಡ್ಡ ಹೆಸರು. ಅವರ 'ನಾನು ಕೊಂದ ಹುಡುಗಿ'ಯ ನಿರೂಪಕ ಸಂಸ್ಥಾನದ ಹಳೆಯ ಶಿಲ್ಪಗಳನ್ನು ನೋಡುತ್ತ ಊರೂರು ತಿರುಗುವ ವಿದ್ಯಾವಂತ. ನಾಗವಳ್ಳಿ ಎಂಬ ಹಳ್ಳಿಯ ಪಟೇಲರ ಮನೆಯಲ್ಲಿ ತಂಗಿದಾಗ ಅವರ ಮಗಳು ಚೆನ್ನಿಯನ್ನು ಮದುವೆ ಮಾಡದೆ ದೇವರ ಹೆಸರಿನಲ್ಲಿ ಬಸವಿ ಬಿಟ್ಟಿದ್ದಾರೆಂದು ತಿಳಿಯುತ್ತದೆ. ಅವಳಿಗೆ ಅವನು ಧರ್ಮ, ಅಧರ್ಮ ಬೋಧಿಸುತ್ತಾನೆ. ತಾನು ದೇವರ ಸೇವೆ ಎಂದು ನಂಬಿದ್ದು ಪಾಪವೆಂದು ಕೇಳಿದ ಆ ಮುಗ್ಧೆ ಬಾವಿಗೆ ಬೀಳುತ್ತಾಳೆ. ಬೇಲೂರು, ಹಳೇಬೀಡು ನೋಡಲು ಆಗ ಬರುತ್ತಿದ್ದ ಪೇಟೆಯ ರಸಿಕರಿಗೆ ಈ ಕಥೆ ಹಿಡಿದ ಕನ್ನಡಿ ಬಹಳ ಸ್ವಚ್ಛವಾದದ್ದು. ಕಲ್ಲಿನ ಹೆಣ್ಣಿನ ಭಂಗಿ ಓದಬಲ್ಲವನಿಗೆ ಜೀವಂತ ಹೆಣ್ಣಿನ ಮನಸ್ಸು ಓದಲಾಗಲಿಲ್ಲ. ಆ ದಶಕಗಳ ಕನ್ನಡ ಕಥೆಗಳಲ್ಲಿ ಇಷ್ಟು ನಿಷ್ಠುರವಾಗಿ ತನ್ನನ್ನೇ ಕಟಕಟೆಗೆ ನಿಲ್ಲಿಸಿಕೊಂಡ ನಿರೂಪಕ ಇನ್ನೊಬ್ಬನಿಲ್ಲ ಎಂದೇ ಹೇಳಬೇಕು.

ಹೇಮಾವತಿಯ ಇಬ್ಬರು

ಈ ಸೀಮೆಯ ಕಥನದ ನಿಜವಾದ ಸಂಪತ್ತು ನಾಲ್ಕು ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರಲ್ಲಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ 1904ರ ಜುಲೈ 4ರಂದು ಹೇಮಾವತಿ ದಡದ ಗೊರೂರಿನಲ್ಲಿ ಹುಟ್ಟಿದರು. ರಾಜಾರಾವ್ 1908ರ ನವೆಂಬರ್ 8ರಂದು ಹಾಸನದಲ್ಲಿ ಹುಟ್ಟಿದರು. ಇಬ್ಬರೂ ಗಾಂಧೀಜಿಯ ಮಾತಿಗೆ ಒಲಿದವರು, ಇಬ್ಬರೂ ಇದೇ ನದಿಯ ಹಳ್ಳಿಯನ್ನು ಬರೆದವರು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ. ಇಬ್ಬರನ್ನೂ ಒಟ್ಟಿಗಿಟ್ಟು ಓದುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿಲ್ಲ. ಕನ್ನಡ ವಿಭಾಗ ಒಬ್ಬರನ್ನು, ಇಂಗ್ಲಿಷ್ ವಿಭಾಗ ಇನ್ನೊಬ್ಬರನ್ನು ಹಂಚಿಕೊಂಡುಬಿಟ್ಟವು.

ಗೊರೂರರು ಅಸಹಕಾರ ಚಳವಳಿಯ ಕರೆಗೆ ಓದು ಬಿಟ್ಟು ಗುಜರಾತ್ ವಿದ್ಯಾಪೀಠಕ್ಕೆ ಹೋದರು. ಮರಳಿ ಬಂದು ಗ್ರಾಮಸೇವೆಯಲ್ಲಿ ತೊಡಗಿದರು. 'ಹಳ್ಳಿಯ ಚಿತ್ರಗಳು' 1930ರಲ್ಲಿ, 'ನಮ್ಮ ಊರಿನ ರಸಿಕರು' 1932ರಲ್ಲಿ ಬಂದವು. ಇವನ್ನು ಪ್ರಬಂಧ ಅನ್ನಬೇಕೋ ಕಥೆ ಅನ್ನಬೇಕೋ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ಅದು ಅಷ್ಟು ಮುಖ್ಯವಲ್ಲ. ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತವನು ಹೇಳುವುದು ಪ್ರಬಂಧವೋ ಕಥೆಯೋ ಎಂದು ಯಾರೂ ಕೇಳುವುದಿಲ್ಲ. ಊರಿನ ಬೆಸ್ತರ ಕರಿಯ, ಗರುಡಗಂಬದ ದಾಸಯ್ಯ, ಮಾತು ತಿಳಿಯುವ ಎಮ್ಮೆ, ಹೊಳೆಯ ಪ್ರವಾಹ, ಜಾತ್ರೆ, ಬಸ್ಸು ಎಲ್ಲವೂ ಅವರ ಕೈಯಲ್ಲಿ ಒಂದೇ ಮಾತಿನ ಓಘದಲ್ಲಿ ಬರುತ್ತವೆ.

ಗೊರೂರರ ಹಾಸ್ಯವನ್ನು ಎಲ್ಲರೂ ಹೊಗಳುತ್ತಾರೆ. ಹಾಸ್ಯದ ಕೆಳಗಿರುವ ಕಣ್ಣಿನ ಬಗ್ಗೆ ಮಾತು ಕಡಿಮೆ. ಹೊಳೆಯ ಸ್ವಭಾವ ಬಲ್ಲ ಬೆಸ್ತನನ್ನು ಅವರು ಬರೆಯುವಾಗ ಮೇಲಿನಿಂದ ನೋಡಿ ಕನಿಕರಿಸುವುದಿಲ್ಲ. ಅವನಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಎಂಬ ಗೌರವದಿಂದ ಪಕ್ಕದಲ್ಲಿ ನಿಲ್ಲುತ್ತಾರೆ. ಅಗ್ರಹಾರದಿಂದ ಬಂದ ಬರಹಗಾರ ಅಗ್ರಹಾರದ ಹೊರಗಿನವರನ್ನು ಹೀಗೆ ಕಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅವರ ಗದ್ಯದಲ್ಲಿ 'ಅಂತೆ' ಬೇಕಾದಷ್ಟಿದೆ, ಆದರೆ ಅದು ರಾಜರಾಣಿಯರದಲ್ಲ. ಶಾನುಭೋಗರು ಹೀಗಂದರಂತೆ, ಪಟೇಲರು ಹಾಗಂದರಂತೆ ಎಂಬ ಊರಿನ ಸುದ್ದಿ ಅದು. ಬಾಯಿಕಥೆಯ ಹಳೆಯ ಸಾಧನ ಇಲ್ಲಿ ಊರಿನ ನಡೆನುಡಿಯ ದಾಖಲೆಯಾಯಿತು. 1938ರಲ್ಲಿ ಅವರು 'ಹಳ್ಳಿಯ ಹಾಡುಗಳು' ಎಂಬ ಸಂಗ್ರಹವನ್ನೂ ತಂದರು. ಏಳು ವರ್ಷದ ಹಿಂದೆ ಹಲಸಂಗಿಯ ಗೆಳೆಯರು ಬಿಜಾಪುರ ಕಡೆಯಿಂದ 'ಗರತಿಯ ಹಾಡು' ತಂದಿದ್ದರು. ಹಳೆಯ ಮೈಸೂರಿನ ಕಡೆಯಿಂದ ಅದಕ್ಕೆ ಸಿಕ್ಕ ಉತ್ತರ ಗೊರೂರರದು. ಬೀಸುವ ಕಲ್ಲಿನ ತ್ರಿಪದಿ ಇಲ್ಲಿಗೆ ಪುಸ್ತಕ ಸೇರಿತು.

ಅದೇ 1938ರಲ್ಲಿ ಲಂಡನ್ನಿನಲ್ಲಿ ರಾಜಾರಾವ್ ಅವರ 'ಕಾಂತಾಪುರ' ಪ್ರಕಟವಾಯಿತು. ಬಾಲ್ಯದಲ್ಲಿ ಅವರು ತಾತನ ಜೊತೆ ಹಾಸನದಲ್ಲೂ ಹರಿಹಳ್ಳಿಯಲ್ಲೂ ಬೆಳೆದವರು. ಹೈದರಾಬಾದಿನಲ್ಲಿ ಓದಿ 1929ರಲ್ಲಿ ಫ್ರಾನ್ಸಿಗೆ ಹೋದರು. ಅಲ್ಲಿಂದ 1931–33ರಲ್ಲಿ ಧಾರವಾಡದ 'ಜಯ ಕರ್ನಾಟಕ'ಕ್ಕೆ ಕನ್ನಡದಲ್ಲಿಯೇ ಲೇಖನಗಳನ್ನು ಬರೆದರು. ಹೀಗೆ ಅವರ ಬರವಣಿಗೆ ಶುರುವಾದದ್ದೂ ತಾಯ್ನುಡಿಯ ಪತ್ರಿಕೆಯಲ್ಲಿ. ಕಾದಂಬರಿಯ ಊರು ಕಲ್ಪಿತ, ಆದರೆ ಅದರ ನದಿಯ ಹೆಸರು ಹಿಮವತಿ, ಗ್ರಾಮದೇವತೆ ಕೆಂಚಮ್ಮ. ಆಲೂರು ತಾಲ್ಲೂಕಿನಲ್ಲಿ ಹರಿಹಳ್ಳಿಯ ಕೆಂಚಮ್ಮ ಇಂದಿಗೂ ಸುತ್ತಲ ಹಳ್ಳಿಗಳಿಗೆ ಹರಕೆಯ ದೇವತೆ. ಗಾಡಿಗಳು ಕಾಫಿ, ಏಲಕ್ಕಿ ಹೇರಿಕೊಂಡು ಘಟ್ಟದ ದಾರಿ ಹಿಡಿಯುವ ಚಿತ್ರ, ಬಿಳಿಯ ದೊರೆಯ ಕಾಫಿ ತೋಟದ ಕೂಲಿಯವರ ಗೋಳು ಎಲ್ಲ ಸಕಲೇಶಪುರ, ಬೇಲೂರು ಕಡೆಯವರಿಗೆ ಗುರುತು ಹೇಳಬೇಕಾಗಿಲ್ಲ.

ಕಥೆ ಹೇಳುವವಳು ಅಚ್ಚಕ್ಕ ಎಂಬ ವಿಧವೆ ಮುದುಕಿ. ಈ ಆಯ್ಕೆಯಲ್ಲೇ ಕಾದಂಬರಿಯ ಜೀವವಿದೆ. ಇಂಗ್ಲಿಷಿನಲ್ಲಿ 'ಅಂತೆ' ಇಲ್ಲ. ಅದಕ್ಕಾಗಿ ರಾಜಾರಾವ್ ವಾಕ್ಯವನ್ನೇ ಉದ್ದಕ್ಕೆ ಎಳೆದರು. ಒಂದಕ್ಕೊಂದು ಕೊಂಡಿ ಹಾಕಿ, ಉಸಿರು ಬಿಡದೆ, ಅಜ್ಜಿ ಹೇಳಿದಂತೆ ಹೇಳಿಸಿದರು. ಜನರ ಹೆಸರೂ ಅಷ್ಟೇ. ಮನೆಯಿಂದ, ಅಂಗಚೇಷ್ಟೆಯಿಂದ, ಕಸುಬಿನಿಂದ ಊರಿನವರು ಇಡುವ ಅಡ್ಡಹೆಸರುಗಳು ಹಾಗೆಯೇ ಬಂದವು. ಮುನ್ನುಡಿಯಲ್ಲಿ ಅವರು ನಮ್ಮ ದೇಶದ ಪ್ರತಿ ಹಳ್ಳಿಗೂ ತನ್ನದೇ ಸ್ಥಳಪುರಾಣ ಇರುತ್ತದೆ ಎಂಬ ಮಾತಿನಿಂದ ಆರಂಭಿಸುತ್ತಾರೆ. ತಮ್ಮದಲ್ಲದ ಭಾಷೆಯಲ್ಲಿ ತಮ್ಮದೇ ಮನಸ್ಸನ್ನು ಹೇಳುವ ಕಷ್ಟವನ್ನೂ ಮರೆಮಾಡುವುದಿಲ್ಲ. ಬೇಲೂರು, ಕೈದಾಳ, ಬಾಬಾಬುಡನ್ ಗಿರಿಗಳ ಸ್ಥಳಪುರಾಣ ಕೇಳಿ ಬೆಳೆದ ಸೀಮೆಯ ಹುಡುಗನಿಗೆ ಆ ಮಾತು ಪುಸ್ತಕದಿಂದ ಬರಬೇಕಾಗಿರಲಿಲ್ಲ.

ಕಾದಂಬರಿಯ ಆರಂಭದಲ್ಲಿ ಜಯರಾಮಾಚಾರ್ ಎಂಬ ಹರಿದಾಸ ಊರಿಗೆ ಬರುತ್ತಾನೆ. ಹರಿಕಥೆಯ ನಡುವೆ ಗಾಂಧಿಯ ಹುಟ್ಟನ್ನು ಅವತಾರದ ಕಥೆಯಂತೆ ಹೇಳುತ್ತಾನೆ. ಆ ರಾತ್ರಿ ಊರಿಗೆ ಚಳವಳಿ ಬರುವುದು ಪತ್ರಿಕೆಯಿಂದಲ್ಲ, ಭಾಷಣದಿಂದಲ್ಲ. ಹರಿಕಥೆಯ ಜೊತೆ. ಓದಲು ಬಾರದವರ ನಡುವೆ ರಾಜಕೀಯ ಹೀಗಲ್ಲದೆ ಬೇರೆ ಹೇಗೆ ಬರಬೇಕಿತ್ತು? ಗೊರೂರರ ಹಳ್ಳಿಯಲ್ಲಿ ಗಾಂಧಿ ಖಾದಿ, ಹರಿಜನ ಸೇವೆಯ ಕೆಲಸವಾಗಿ ಬರುತ್ತಾರೆ. ರಾಜಾರಾವ್ ಅವರ ಹಳ್ಳಿಯಲ್ಲಿ ಪುರಾಣಪುರುಷರಾಗಿ ಬರುತ್ತಾರೆ. ಹಳ್ಳಿಯಲ್ಲಿ ಇದ್ದು ಬರೆದವರಿಗೂ ಸಾವಿರಾರು ಮೈಲಿ ದೂರದಿಂದ ನೆನೆದು ಬರೆದವರಿಗೂ ಇರುವ ವ್ಯತ್ಯಾಸ ಅದು. ಗೊರೂರರಲ್ಲಿ ಊರು ದಿನದಿನದ್ದು, ರಾಜಾರಾವ್ ಅವರಲ್ಲಿ ಕಳೆದುಹೋದದ್ದು. ಕಾದಂಬರಿಯ ಕೊನೆಗೆ ಕಾಂತಾಪುರದ ಜನ ಊರು ಬಿಟ್ಟು ಬೇರೆ ಕಡೆ ನೆಲೆಸಿರುತ್ತಾರೆ.

ಹಲ್ಮಿಡಿ

ಇದೇ ಕಾಲದಲ್ಲಿ, 1936ರಲ್ಲಿ, ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದ ಶಾಸನವನ್ನು ಬೆಳಕಿಗೆ ತಂದರು. ಊರಿನ ವೀರಭದ್ರ ಗುಡಿಯ ಮುಂದಿದ್ದ ಕಲ್ಲು, ಹದಿನಾರು ಸಾಲು. ಯುದ್ಧದಲ್ಲಿ ಪರಾಕ್ರಮ ತೋರಿದವನೊಬ್ಬನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಕೊಟ್ಟ ವಿಷಯ. ಕಾಲ ಸುಮಾರು ಕ್ರಿ.ಶ. 450. ಕನ್ನಡದ ಅತಿ ಹಳೆಯ ಪೂರ್ಣಪ್ರಮಾಣದ ಶಾಸನವೆಂದು ಬಹುಕಾಲ ಇದನ್ನೇ ಎಣಿಸಲಾಯಿತು. ಹಾಗೆ ಎಣಿಸಿದ ಆ ಬರಹವೂ ಒಬ್ಬ ವೀರನ ಕಥೆಯ ತುಣುಕೇ. ಮೂಲ ಕಲ್ಲನ್ನು ಮೈಸೂರಿಗೆ ಸಾಗಿಸಲಾಗಿದೆ, ಹಲ್ಮಿಡಿಯಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ.

ಆ ಕಾಲವನ್ನು ಆಮೇಲೆ ಬರೆದವರು

ಹೊಯ್ಸಳರ ಕಥೆ ಗೀತೆಯಾಗಿ, ಕಾದಂಬರಿಯಾಗಿ ಬೆಳೆದದ್ದು ಸ್ವಾತಂತ್ರ್ಯದ ನಂತರ. ಡಿ.ವಿ. ಗುಂಡಪ್ಪನವರ 'ಅಂತಃಪುರ ಗೀತೆ' (1950) ಬೇಲೂರಿನ ಮದನಿಕೆಯರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿತು. ಕೆ.ವಿ. ಅಯ್ಯರ್ ಅವರ 'ಶಾಂತಲಾ' (1952), ಸಿ.ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ' (1978) ಓದುಗರ ಮನೆಮಾತಾದವು.

ಆದರೆ ಶತಮಾನದ ಆರಂಭದ ಈ ಸೀಮೆಯ ದಿನನಿತ್ಯವನ್ನು ಹತ್ತಿರದಿಂದ ಬರೆದವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪ. ಅವರ 'ಗೃಹಭಂಗ' (1970) ಅರಸೀಕೆರೆ, ತಿಪಟೂರು, ಚನ್ನರಾಯಪಟ್ಟಣ ಕಡೆಯ ಆಡುಮಾತಿನ ದೊಡ್ಡ ಭಂಡಾರ. ಬೈಗುಳ, ಹರಕೆ, ಪ್ಲೇಗಿಗೆ ಹೆದರಿ ಊರ ಹೊರಗೆ ಹಾಕಿದ ಗುಡಿಸಲು, ಬರಗಾಲ ಎಲ್ಲ ಇದರಲ್ಲಿವೆ. 'ಅಂತೆ' ಇಲ್ಲಿ ಪೂರ್ತಿ ಮಾಯವಾಗಿದೆ. ಹೇಳುವವನು ಎಲ್ಲೂ ಕಾಣುವುದಿಲ್ಲ, ಆಗಿದ್ದು ಆದ ಹಾಗೆ ಬರುತ್ತದೆ. ಅದರ ಶಾನುಭೋಗನ ಹೆಸರು ಚೆನ್ನಿಗರಾಯ. ಬೇಲೂರಿನ ದೇವರ ಹೆಸರು ಇಟ್ಟುಕೊಂಡ ಅವನಿಗೆ ಊಟದ ಮೇಲಲ್ಲದೆ ಬೇರೆ ಯಾವುದರ ಮೇಲೂ ಗಮನವಿಲ್ಲ. ಊರಿನ ಕಂದಾಯದ ಲೆಕ್ಕ ಬರೆಯುವವಳು ಅವನ ಹೆಂಡತಿ ನಂಜಮ್ಮ. ಮಕ್ಕಳಿಗೆ ಹಿಟ್ಟು ಹೊಂದಿಸಿ, ಮನೆಗೆಲಸ ಮುಗಿಸಿ, ದೀಪದ ಮುಂದೆ ಕೂತು ರೂಲು ಹಾಕಿದ ಹಾಳೆಗಳಲ್ಲಿ ಅವಳು ವರ್ಷಗಟ್ಟಲೆ ಲೆಕ್ಕ ತುಂಬಿದಳು. ಅಕ್ಷರವೆಲ್ಲ ಅವಳದು, ಶಾನುಭೋಗಿಕೆ ಗಂಡನ ಹೆಸರಿನಲ್ಲಿ.